ಹನ್ನೊಂದು ಜನ, ಹತ್ತು ಹೆಸರು

ಅಬ್ದಲಿ
28 ಜನವರಿ 2003

ಕಡಲತಡಿ ಬಳಗದ ಕಾರ್ಯದರ್ಶಿ ಲಿಗೋರಿ ಪೊರ್ಬುಗಳಿಗೆ,

ಕುವೈತಿನ ಉತ್ತರ ತುದಿಯ ಅಬ್ದಲಿಯ ತೋಟದಿಂದ ಸೈದು ಬ್ಯಾರಿಯ ನಮಸ್ಕಾರ. ನಾವು ಮುಖ ಕಂಡವರಲ್ಲ, ಊರಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ಹಾಗೆ ಪೊರ್ಬುಗಳು ಅಂದಿದ್ದೇನೆ. ನಿಮ್ಮ ಹೆಸರು ಕೊಟ್ಟದ್ದು ಸುಲೈಬಿಯಾದ ಕಿರಾಣಿ ಅಂಗಡಿಯವರು. ‘ಲಿಗೋರಿ ಪಾಯಸ್ ಅಂತ ಉಂಟು, ನಿಯಮದ ಮನುಷ್ಯ, ಅವರಿಗೆ ಬರಿ’ ಅಂದರು. ನಿಯಮದ ಮನುಷ್ಯರೆಂದರೆ ನನಗೆ ಮೊದಲೇ ಹೆದರಿಕೆ. ಆದರೂ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಲ್ಲಿ ಅರ್ಧಕ್ಕೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಕ್ಷೇಮ ಎಂದು ಬರೆಯಲು ಕೈ ಬರುವುದಿಲ್ಲ. ಇಲ್ಲಿ ನಾನು ಸೇರಿ ಹನ್ನೊಂದು ಜನ. ಟೊಮೆಟೊ, ಸೌತೆಕಾಯಿಯ ತೋಟ. ಪಂಪಿನ ಶೆಡ್ಡಿನ ಮೇಲೆ ಹತ್ತಿದರೆ ಇರಾಕಿನ ಕಡೆಯ ಮಣ್ಣಿನ ದಂಡೆ ಕಾಣುತ್ತದೆ. ದಿನಾ ಅಮೆರಿಕದವರ ಲಾರಿಗಳು ಸಾಲಾಗಿ ಹೋಗುತ್ತಿವೆ, ಒಂದೂ ವಾಪಸು ಬರುವುದಿಲ್ಲ. ನಮ್ಮ ಕಫೀಲ್, ವೀಸಾ ಕೊಟ್ಟ ಅರಬಿ ಧಣಿ, ಪಾಸ್‌ಪೋರ್ಟುಗಳನ್ನೆಲ್ಲ ತೆಗೆದುಕೊಂಡು ಸೌದಿಗೆ ಹೋದ. ‘ಹೆದರಬೇಡಿ, ಏನೂ ಆಗುವುದಿಲ್ಲ’ ಅಂದ. ಏನೂ ಆಗದಿದ್ದರೆ ಇವನ ಕಾರಿನ ಡಿಕ್ಕಿಯಲ್ಲಿ ಟಿವಿ ಯಾಕೆ ಇತ್ತು?

ಯುದ್ಧ ಸುರುವಾಗುವ ಮೊದಲು ನಮ್ಮನ್ನು ಕೆಳಗೆ ಕರೆಸಿಕೊಳ್ಳಲು ಒಂದು ಬಸ್ಸು ಬೇಕು. ಅಷ್ಟೇ ಬೇಡಿಕೆ. ನನ್ನಲ್ಲಿ ಮೊಬೈಲು ಉಂಟು, ಆದರೆ ಈಗ ಗಾಳಿಯಲ್ಲಿ ಮಾತಾಡುವುದೆಲ್ಲ ಯಾರ ಕಿವಿಗೆ ಬೀಳುತ್ತದೋ. ತರಕಾರಿ ಪಿಕಪ್ಪಿನ ಖಾನ್ ಭಾಯಿಯ ಕೈಯಲ್ಲಿ ಪತ್ರ ಕಳಿಸುತ್ತೇನೆ, ಉತ್ತರವನ್ನು ಸುಲೈಬಿಯಾದ ಅಂಗಡಿಯಲ್ಲಿ ಇಡಿ. ಖಾನ್ ಒಳ್ಳೆಯವನು. ಒಳ್ಳೆಯವರೂ ಲಕೋಟೆ ಬಿಚ್ಚುತ್ತಾರೆ. ಹಾಗಾಗಿ ಇದರೊಳಗೆ ಮೂರು ಟೊಮೆಟೊ ಬೀಜ ಹಾಕಿದ್ದೇನೆ. ಎಷ್ಟು ಸಿಕ್ಕಿತು ಅಂತ ಬರೆಯಿರಿ.

ಸೈದು

* * *

ಫಿಂಟಾಸ್
4 ಫೆಬ್ರವರಿ 2003

ಶ್ರೀ ಸೈದು ಬ್ಯಾರಿಗಳಿಗೆ,

ತಮ್ಮ ಪತ್ರ ತಲುಪಿತು. ಜನವರಿ 31ರ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅದನ್ನು ಓದಿ ಹೇಳಿದೆ. ಎರಡೂವರೆ ಗಂಟೆ ಚರ್ಚೆಯಾಗಿ ‘ಗಡಿ ಪರಿಹಾರ ಮತ್ತು ರಕ್ಷಣಾ ನಿಧಿ’ಯನ್ನು ಸ್ಥಾಪಿಸಲು ನಿರ್ಣಯಿಸಲಾಯಿತು. ಪ್ರತಿ ಸದಸ್ಯರಿಂದ ಎರಡು ದಿನಾರು. ಅದರಲ್ಲಿ ಅರ್ಧ ಭಾಗ ಗಡಿ ಸಮೀಪದಲ್ಲಿರುವ ನಮ್ಮವರ ಪರಿಹಾರಕ್ಕೆ. ಇನ್ನರ್ಧ ರಕ್ಷಣೆಗೆ, ಅಂದರೆ ಇಲ್ಲಿ ಕಡಲ ಬದಿಯ ಫಿಂಟಾಸಿನಲ್ಲಿರುವ ಬಳಗದ ಸಭಾಂಗಣದ ಕಿಟಕಿಗಳಿಗೆ ವಿಷಾನಿಲ ತಡೆಯುವ ಪ್ಲಾಸ್ಟಿಕ್, ಟೇಪು, ನೀರಿನ ಡ್ರಮ್ಮು ಮತ್ತು ಇಬ್ಬರು ಕಾವಲುಗಾರರು.

ಪರಿಹಾರ ಪಡೆಯಲು ಎರಡು ಷರತ್ತುಗಳಿವೆ. ಒಂದು, ಫಲಾನುಭವಿಗಳು ದಕ್ಷಿಣ ಕನ್ನಡ ಅಥವಾ ಉಡುಪಿ ಜಿಲ್ಲೆಯವರಾಗಿರಬೇಕು. ಎರಡು, ಅವರ ಹೆಸರಿನ ಪಟ್ಟಿಯನ್ನು ಸಿವಿಲ್ ಐಡಿ ಗುರುತು ಕಾರ್ಡಿನ ಪ್ರತಿಯೊಂದಿಗೆ ಒದಗಿಸಬೇಕು. ಜೊತೆಗೆ ನಮ್ಮ ಬೈಲಾ ಪ್ರಕಾರ ಹಣದ ನಿರ್ಣಯವು ಮುಂದಿನ ಸಭೆಯಲ್ಲಿ ವರದಿ ಅಂಗೀಕಾರವಾದ ನಂತರವೇ ಜಾರಿಗೆ ಬರುತ್ತದೆ. ಹದಿನೈದು ಮಂದಿಯಲ್ಲಿ ಏಳು ಮಂದಿಯಾದರೂ ಹಾಜರಿರಬೇಕು. ರಕ್ಷಣೆಯ ಭಾಗವನ್ನು ಮಾತ್ರ ಅಧ್ಯಕ್ಷರು ತುರ್ತೆಂದು ಪರಿಗಣಿಸಿ ಬಿಡುಗಡೆ ಮಾಡಿದ್ದಾರೆ.

ಸದ್ಯಕ್ಕೆ ಖಾನರ ಗಾಡಿಯಲ್ಲಿ ಒಂದು ಮೂಟೆ ಅಕ್ಕಿ ಮತ್ತು ಬೇಳೆ ಕಳಿಸಲಾಗಿದೆ.

ಬೀಜ ಎರಡು ಸಿಕ್ಕಿದವು.

ಇತಿ,
ಲಿಗೋರಿ ಪಾಯಸ್, ಕಾರ್ಯದರ್ಶಿ

* * *

ಅಬ್ದಲಿ
9 ಫೆಬ್ರವರಿ 2003

ಲಿಗೋರಿ ಪೊರ್ಬುಗಳೇ,

ಎರಡು ಬೀಜವೋ? ಮೂರನೆಯದು ಎಲ್ಲಿಗೆ ಹೋಯಿತು? ಖಾನ್‌ನನ್ನು ಕೇಳಿದೆ. ‘ತೇರೇ ಬೀಜ್ ಸೇ ಮೈಂ ಖೇತ್ ಬನಾವೂಂಗಾ ಕ್ಯಾ?’, ನಿನ್ನ ಬೀಜದಿಂದ ನಾನು ಹೊಲ ಮಾಡುತ್ತೇನಾ ಅಂತ ನಕ್ಕ. ನಗುವವರನ್ನು ನಂಬಬಹುದೋ ಬಾರದೋ ಅಂತ ರಾತ್ರಿಯೆಲ್ಲ ಹೊರಳಾಡಿದೆ.

ನಿಮ್ಮ ನಿರ್ಣಯವನ್ನು ನಾಲ್ಕು ಸಲ ಓದಿದೆ. ನನಗೆ ತಿಳಿದದ್ದು ಇಷ್ಟು. ಸಮುದ್ರದ ಬದಿಯಲ್ಲಿ ಕೂತವರಿಗೆ ರಕ್ಷಣೆ, ಗಡಿಯಲ್ಲಿ ಕೂತವರಿಗೆ ಬೇಳೆ. ರಕ್ಷಣೆ ತುರ್ತು, ಬೇಳೆಗೆ ವರದಿ ಅಂಗೀಕಾರ ಆಗಬೇಕು. ಸದ್ದಾಮನ ರಾಕೆಟ್ಟು ಬರುವಾಗ ನಮ್ಮ ತಲೆಯ ಮೇಲಿನಿಂದಲೇ ಫಿಂಟಾಸಿಗೆ ಬರಬೇಕು ಮಾರಾಯ್ರೇ. ಅದು ಬೈಲಾ ಓದಿಕೊಂಡು ಬರುತ್ತದೆಯೇ?

ಇನ್ನೊಂದು ಮಾತು, ಕೇಳಿದರೆ ಸಿಟ್ಟಾಗಬೇಡಿ. ಅಕ್ಕಿಯ ಮೂಟೆಯ ಮೇಲೆ ನೀಲಿ ಶಾಯಿಯಲ್ಲಿ ‘ಮೇಬಲ್ ಪಾಯಸ್’ ಅಂತ ಬರೆದಿತ್ತು. ನಿಮ್ಮ ಬಾಯಮ್ಮನವರ ಹೆಸರೇ ಅಲ್ಲವೇ ಅದು? ಬಳಗದ ಅಕ್ಕಿ ನಿಮ್ಮ ಮನೆಯವರ ಹೆಸರಿನಲ್ಲಿ ಯಾಕೆ ಬಂತು? ಬಳಗಕ್ಕೆ ಅಕ್ಕಿ ಮಾರುವವರೂ ನೀವೇಯೋ?

ಪಟ್ಟಿ ಕೊಡುವುದಿಲ್ಲ. ಹೆಸರು ಬರೆದು ಕೊಟ್ಟವರಿಗೆ ಈ ಊರಿನಲ್ಲಿ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ. ನಿಮ್ಮ ಸಮಿತಿಯಲ್ಲಿ ನಮ್ಮ ಕಫೀಲ್‌ನ ಅಂಗಡಿಗೆ ಲೆಕ್ಕ ಬರೆಯುವವರು ಯಾರಾದರೂ ಇದ್ದರೆ? ತೋಟ ಬಿಟ್ಟು ಓಡಿದರು ಅಂತ ಅವನು ಕೇಸು ಹಾಕಿದರೆ? ಹನ್ನೊಂದು ತಲೆಗೆ ಬಸ್ಸು ಕಳಿಸಿ, ತಲೆ ಎಣಿಸಿಕೊಳ್ಳಿ.

ಸೈದು

(ಈ ಸಲ ನಾಲ್ಕು ಬೀಜ.)

* * *

ಫಿಂಟಾಸ್
17 ಫೆಬ್ರವರಿ 2003

ಸೈದು ಬ್ಯಾರಿಗಳಿಗೆ,

ಮೂಟೆಯ ಮೇಲಿನ ಹೆಸರಿನ ಬಗ್ಗೆ ಉತ್ತರಿಸಲು ಇಚ್ಛಿಸುವುದಿಲ್ಲ.

ಶನಿವಾರದಿಂದ ಉತ್ತರದ ಇಡೀ ಭಾಗ ಸೇನೆಯ ವಶಕ್ಕೆ ಹೋಗಿರುವುದು ನಿಮಗೆ ನಮಗಿಂತ ಮೊದಲೇ ಗೊತ್ತಿರಬೇಕು. ತೋಟದವರಿಗೂ ತರಕಾರಿ ಗಾಡಿಗಳಿಗೂ ಮಾತ್ರ ಪಾಸು. ಬಸ್ಸಿಗೆ ಪಾಸು ಬೇಕಾದರೆ ಒಳಗಿನಿಂದ ಹೊರಗೆ ಬರುವವರ ಹೆಸರುಗಳನ್ನು ಮೊದಲೇ ಕೊಡಬೇಕು. ಪಟ್ಟಿಯಲ್ಲಿಲ್ಲದವನು ಮುತ್ಲಾದ ಚೆಕ್‌ಪೋಸ್ಟಿನಲ್ಲಿ ಇಳಿಯಬೇಕಾಗುತ್ತದೆ. ಇದು ಬಳಗದ ಷರತ್ತಲ್ಲ, ಸರಕಾರದ್ದು. ತಲೆ ಎಣಿಸಿಕೊಳ್ಳಿ ಎಂದು ನೀವು ಬರೆದಿರಿ. ಬರೇ ತಲೆಗಳಿಗೆ ಪಾಸು ಕೊಡುವ ಕಚೇರಿ ನನಗೆ ಗೊತ್ತಿಲ್ಲ.

ಇಷ್ಟು ಸರಳವಾದ ಪಟ್ಟಿಯನ್ನು ಕೊಡಲು ಒಬ್ಬ ಮನುಷ್ಯ ಇಷ್ಟೇಕೆ ಹಿಂಜರಿಯುತ್ತಾನೆ ಎಂದು ಸಮಿತಿಯ ಒಬ್ಬರು ಕೇಳಿದರು. ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ.

ಫೆಬ್ರವರಿ 14ರ ಸಭೆಯನ್ನು ಕಾರಣಾಂತರದಿಂದ ಮುಂದೂಡಲಾಗಿದೆ.

ಲಿಗೋರಿ ಪಾಯಸ್

(ನಾಲ್ಕೂ ಸಿಕ್ಕಿದವು. ಮೊದಲ ಸಲದ ಮೂರನೆಯದು ನಮ್ಮ ಮೇಜಿನ ಕೆಳಗೆ ಬಿದ್ದಿತ್ತು, ಗುಡಿಸುವಾಗ ಮೇಬಲಳಿಗೆ ಸಿಕ್ಕಿತು.)

* * *

ಅಬ್ದಲಿ
23 ಫೆಬ್ರವರಿ 2003

ಪೊರ್ಬುಗಳೇ,

‘ಕಾರಣಾಂತರ’ ಅಂದರೆ ಎಂತದು? ಕಾರಣ ಇದ್ದರೆ ಬರೆಯಬೇಕು, ಇಲ್ಲದಿದ್ದರೆ ಸಭೆ ಮಾಡಬೇಕು. ಆದರೆ ಈಗ ನಿಮ್ಮೊಟ್ಟಿಗೆ ಜಗಳ ಮಾಡಲು ಪುರುಸೊತ್ತಿಲ್ಲ. ನಿನ್ನೆ ನಮ್ಮ ಆಚೆಯ ತೋಟದವರು ಆಡುಗಳನ್ನು ಬಿಟ್ಟು ಹೋದರು. ಆಡುಗಳು ಈಗ ನಮ್ಮ ಬಾಗಿಲಿಗೆ ಬಂದು ನಮ್ಮನ್ನೇ ನೋಡುತ್ತವೆ.

ಪಟ್ಟಿ ಬೇರೆ ಹಾಳೆಯಲ್ಲಿ ಉಂಟು, ಕಾರ್ಡಿನ ಪ್ರತಿಗಳೂ ಉಂಟು. ಹತ್ತು ಹೆಸರು. ಎಲ್ಲರೂ ನಮ್ಮ ಜಿಲ್ಲೆಯವರೇ. ಉಳ್ಳಾಲ, ಕೃಷ್ಣಾಪುರ, ಕಾಪು, ಬಂಟ್ವಾಳ, ಊರುಗಳನ್ನೂ ಬರೆದಿದ್ದೇನೆ. ನನ್ನ ಹೆಸರು ಮೊದಲು. ಹನ್ನೊಂದನೆಯವನಿಗೆ ಕುವೈತ್ ಸಿಟಿಯಲ್ಲಿ ಕೆಲಸ ಸಿಕ್ಕಿತು, ಅವನು ಹೋದ.

ಈ ಹಾಳೆಯನ್ನು ನಿಮ್ಮ ಕೈಯಿಂದಲೇ ಪಾಸಿನ ಕಚೇರಿಗೆ ಕೊಡಿ. ಸಮಿತಿಯಲ್ಲಿ ಕೈಯಿಂದ ಕೈಗೆ ಹೋಗುವುದು ಬೇಡ. ಕೊಟ್ಟ ಮೇಲೆ ಕೊಟ್ಟೆ ಅಂತ ಬರೆಯಿರಿ. ಕೊಡದೆ ಕೊಟ್ಟೆ ಅಂತ ಬರೆಯಬೇಡಿ.

ಸೈದು

(ಐದು.)

* * *

ಫಿಂಟಾಸ್
3 ಮಾರ್ಚ್ 2003

ಸೈದು,

ಫೆಬ್ರವರಿ 28ರಂದು ಸಭೆ ನಡೆಯಿತು. ಏಳು ಮಂದಿ ಹಾಜರಿದ್ದು ವರದಿ ಅಂಗೀಕಾರವಾಯಿತು. ಬಸ್ಸಿನ ಹಣ ಬಿಡುಗಡೆಯಾಗಿದೆ. ಪಟ್ಟಿಯನ್ನು ನಾನೇ ಕಚೇರಿಗೆ ಕೊಡಬೇಕೆಂದು ಮೇಜಿನ ಮುಂದೆ ಕುಳಿತವನು, ಎಂಟನೆಯ ಹೆಸರಿನಲ್ಲಿ ನಿಂತುಬಿಟ್ಟೆ.

ಅಝರುದ್ದೀನ್, ಉಳ್ಳಾಲ. ಈ ಮನುಷ್ಯ ಡಿಸೆಂಬರಿನಲ್ಲಿ ರಜೆಗೆ ಹೋಗುವಾಗ ನಮ್ಮ ಅತ್ತೆಗೆ ಔಷಧದ ಪೊಟ್ಟಣ ಒಯ್ದವನು. ಹೋದ ವಾರ ಅತ್ತೆಯ ಪತ್ರ ಬಂದಿದೆ. ಅವನ ಹೆಂಡತಿ ಸಹಲಾ ಹೆಣ್ಣು ಮಗುವನ್ನು ಹೆತ್ತಳಂತೆ, ಅವನೇ ಬಂದು ಸಿಹಿ ಕೊಟ್ಟು ಹೋದನಂತೆ. ಅದೇ ಮನುಷ್ಯ ಈಗ ಅಬ್ದಲಿಯಲ್ಲಿ ಟೊಮೆಟೊ ಕೊಯ್ಯುತ್ತಿರುವುದು ಹೇಗೆ? ಒಂಬತ್ತನೆಯವನ ಬಗ್ಗೆಯೂ ಸುಲೈಬಿಯಾದ ಅಂಗಡಿಯಲ್ಲಿ ವಿಚಾರಿಸಿದೆ. ಅವನೂ ಊರಿನಲ್ಲಿದ್ದಾನೆ.

ಮೊದಲು ಹನ್ನೊಂದು ಅಂದಿರಿ. ಆಮೇಲೆ ಹತ್ತು. ಹತ್ತರಲ್ಲಿ ಇಬ್ಬರು ಇಲ್ಲವೇ ಇಲ್ಲ. ಅಬ್ದಲಿಯಲ್ಲಿ ನಿಮ್ಮದೊಂದೇ ತೋಟವಲ್ಲ, ಹೊರಗೆ ಬರಲು ದುಡ್ಡು ಕೊಡುವವರು ಬೇಕಾದಷ್ಟಿದ್ದಾರೆ. ನೇರವಾಗಿ ಕೇಳುತ್ತೇನೆ, ಆ ಎರಡು ಸೀಟುಗಳನ್ನು ಯಾರಿಗೆ ಮಾರಿದ್ದೀರಿ?

ಉತ್ತರ ಬರುವವರೆಗೆ ಪಟ್ಟಿ ನನ್ನ ಮೇಜಿನಲ್ಲಿರುತ್ತದೆ.

ಲಿಗೋರಿ ಪಾಯಸ್

* * *

ಅಬ್ದಲಿ
7 ಮಾರ್ಚ್ 2003

ಲಿಗೋರಿ ಪೊರ್ಬುಗಳೇ,

ಸೀಟು ಮಾರಿದೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಸರಿ. ಈಗ ನನ್ನದೂ ಒಂದು ಪ್ರಶ್ನೆ ಉಂಟು.

ನಿಮ್ಮ ಸಭೆಗೆ ಏಳು ಜನ ಬಂದಿದ್ದರು ಅಂದಿರಿ. ಖಾನ್ ಭಾಯಿಯ ಹತ್ತಿರ ಆ ದಿನದ ಮಾತು ತೆಗೆದೆ. ನಿಮ್ಮ ಸಮಿತಿಯ ಆನ್ಸನ್ ಅಂತ ಒಬ್ಬರು ಸಲ್ವಾದಲ್ಲಿ ಇದ್ದರಲ್ಲ, ಅವರ ಮನೆ ಖಾಲಿ ಮಾಡಿದ್ದು ಖಾನ್‌ನ ಪಿಕಪ್ಪಿನಲ್ಲಿಯೇ. ಫ್ರಿಜ್ಜು, ಮಂಚ, ಮಕ್ಕಳ ಸೈಕಲ್ಲು. ಫೆಬ್ರವರಿ ಇಪ್ಪತ್ತಕ್ಕೆ ಅವರು ಹೆಂಡತಿ ಮಕ್ಕಳ ಸಮೇತ ಮಂಗಳೂರಿಗೆ ವಿಮಾನ ಹತ್ತಿದರು. ‘ಏರ್‌ಪೋರ್ಟ್ ತಕ್ ಮೈಂ ಛೋಡಾ’, ಅಲ್ಲಿಯವರೆಗೆ ಬಿಟ್ಟದ್ದೂ ತಾನೇ ಅಂತ ಖಾನ್ ಹೇಳುತ್ತಾನೆ. ಇಪ್ಪತ್ತೆಂಟಕ್ಕೆ ನಿಮ್ಮ ಸಭೆಯಲ್ಲಿ ಅವರು ಕೂತದ್ದು ಹೇಗೆ? ನನ್ನ ಅಝರುದ್ದೀನ್ ಎರಡು ಕಡೆ ಇದ್ದರೆ ಕಳ್ಳತನ, ನಿಮ್ಮ ಆನ್ಸನ್ ಎರಡು ಕಡೆ ಇದ್ದರೆ ಕೋರಮ್ಮೋ?

ಇಲ್ಲದ ಸಭೆ ಮಾಡಿ ಹಣ ತೆಗೆದವರು ಬಸ್ಸು ಕಳಿಸುತ್ತಾರೆಂದು ನಾನು ಹೇಗೆ ನಂಬಲಿ?

ಬಯ್ಯುವುದಾಯಿತು. ಈಗ ನಿಜ ಬರೆಯುತ್ತೇನೆ, ಬರೆಯದಿದ್ದರೆ ಪಟ್ಟಿ ನಿಮ್ಮ ಮೇಜಿನಲ್ಲೇ ಹಳದಿಯಾಗುತ್ತದೆ. ಇಲ್ಲಿರುವವರಲ್ಲಿ ಮೂವರು ನಮ್ಮ ಜಿಲ್ಲೆಯವರಲ್ಲ, ಆಂಧ್ರದ ಕರೀಂನಗರದವರು. ಕಫೀಲ್ ಅವರ ಇಕಾಮಾ, ಇಲ್ಲಿ ಇರುವ ಪರವಾನಗಿ, ಹೊಸತು ಮಾಡಿಸದೆ ಎರಡು ವರ್ಷವಾಯಿತು. ಕಾಗದದ ಪ್ರಕಾರ ಅವರು ಕುವೈತಿನಲ್ಲಿ ಇಲ್ಲವೇ ಇಲ್ಲ. ಅವರ ಹೆಸರು ಬರೆದರೆ ನಿಮ್ಮ ಬಳಗ ಬೇಡ ಅನ್ನುತ್ತದೆ, ಚೆಕ್‌ಪೋಸ್ಟಿನವರು ಹಿಡಿಯುತ್ತಾರೆ. ಅದಕ್ಕೆ ರಜೆಗೆ ಹೋದವರ ಕಾರ್ಡಿನ ಪ್ರತಿ ಸ್ಟೋರಿನಲ್ಲಿ ಸಿಕ್ಕಿದ್ದನ್ನು ಅವರಿಗೆ ಕೊಟ್ಟೆ. ಮಾರಲಿಲ್ಲ. ಮೂರೂ ಜನರ ಕಿಸೆ ಒಟ್ಟು ಕೊಡಹಿದರೆ ಒಂದು ಡಬ್ಬಿ ಸಿಗರೇಟು ಬರುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ನನ್ನ ಜುಟ್ಟು, ನನ್ನ ಕೈಯಲ್ಲಿ ನಿಮ್ಮದು. ಏನು ಮಾಡುತ್ತೀರೋ ಮಾಡಿ. ಬೇಗ ಮಾಡಿ.

ಸೈದು

(ಏಳು. ನಿಮ್ಮ ಸಭೆಯ ಹಾಜರಿಯಷ್ಟು.)

* * *

ಫಿಂಟಾಸ್
11 ಮಾರ್ಚ್ 2003

ಸೈದು ಬ್ಯಾರಿಗಳೇ,

ಬಸ್ಸು 16ರಂದು, ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ತೋಟದ ಗೇಟಿಗೆ ಬರುತ್ತದೆ. ಹತ್ತು ಹೆಸರಿಗೆ ಪಾಸಾಗಿದೆ. ಒಬ್ಬೊಬ್ಬರಿಗೆ ಒಂದೇ ಚೀಲ. ಸುಲೈಬಿಯಾದಲ್ಲಿ ಒಂದು ಗೋದಾಮು ಹಿಡಿದಿದ್ದೇನೆ, ನಾನು ಅಲ್ಲಿ ಕಾಯುತ್ತಿರುತ್ತೇನೆ. ಪಟ್ಟಿಯನ್ನು ನೀವು ಕೊಟ್ಟ ಹಾಗೆಯೇ, ಒಂದಕ್ಷರ ಬದಲಿಸದೆ ಕೊಟ್ಟೆ. ಕೊಡದೆ ಕೊಟ್ಟೆ ಎಂದು ಬರೆಯುತ್ತಿಲ್ಲ.

ಫೆಬ್ರವರಿ 14ಕ್ಕೆ ನಾಲ್ವರು ಬಂದರು. 28ಕ್ಕೆ ಐವರು. ಮಿಕ್ಕವರೆಲ್ಲ ಊರಿಗೆ ಹೋಗಿದ್ದಾರೆ, ಅಥವಾ ಹೋಗುವ ತಯಾರಿಯಲ್ಲಿದ್ದಾರೆ. ಇನ್ನು ಎಷ್ಟು ಸಲ ಕರೆದರೂ ಏಳು ಮಂದಿ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಎರಡು ಸಹಿಗಳನ್ನು ನಾನೇ ಹಾಕಿದೆ. ಹನ್ನೆರಡು ವರ್ಷದಿಂದ ವರದಿ ಬರೆಯುತ್ತಿದ್ದೇನೆ, ಹಾಜರಿ ಪುಸ್ತಕದಲ್ಲಿ ಒಂದು ಚುಕ್ಕೆ ಹೆಚ್ಚು ಕಡಿಮೆ ಆದದ್ದಿಲ್ಲ. ಆ ಸಂಜೆ ಮೇಬಲ್ ‘ಯಾಕೆ ಕೈ ತೊಳೆಯುತ್ತಾ ಇದ್ದೀರಿ, ಊಟ ಆಗಲಿಲ್ಲವಲ್ಲ’ ಎಂದು ಕೇಳಿದಳು.

ನಿಮ್ಮ ಪತ್ರವನ್ನು ಹರಿದುಹಾಕಿದ್ದೇನೆ. ಇದನ್ನೂ ನೀವು ಹರಿಯಿರಿ. ಒಂದು ಮಾತ್ರ ಇನ್ನೂ ಲೆಕ್ಕಕ್ಕೆ ಬರುತ್ತಿಲ್ಲ. ಕರೀಂನಗರದವರು ಮೂವರು ಅಂದಿರಿ, ಪಟ್ಟಿಯಲ್ಲಿ ಊರಿನಲ್ಲಿರುವವರ ಹೆಸರು ಎರಡೇ ಇದೆ. ಇರಲಿ, ಹನ್ನೊಂದನೆಯವನು ಅವರಲ್ಲೊಬ್ಬನಾಗಿದ್ದು ಸಿಟಿಗೆ ಹೋಗಿರಬೇಕು. ಉಳಿದದ್ದನ್ನು ಭಾನುವಾರ ಮುಖ ನೋಡಿಯೇ ಮಾತಾಡೋಣ.

ಲಿಗೋರಿ

* * *

ಸುಲೈಬಿಯಾ
17 ಮಾರ್ಚ್ 2003

ಸೈದು,

ಬಸ್ಸು ನಿನ್ನೆ ನಾಲ್ಕೂವರೆಗೆ ಬಂತು. ಹತ್ತು ಮಂದಿ ಇಳಿದರು. ಮುತ್ಲಾದಲ್ಲಿ ಹೆಸರು ಕೂಗಿ, ತಲೆ ಎಣಿಸಿ ಬಿಟ್ಟರಂತೆ. ಮೇಬಲ್ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಚಹಾ ಮಾಡಿದ್ದಳು. ನಾನು ಬಾಗಿಲಲ್ಲಿ ನಿಂತು ‘ಸೈದು ಬ್ಯಾರಿ ಯಾರು?’ ಎಂದೆ.

ಬಿಳಿ ಗಡ್ಡದ ಒಬ್ಬ ಮುದುಕ ಕೈಯೆತ್ತಿದ.

ನಾನು ಅವನ ಎರಡೂ ಕೈ ಹಿಡಿದುಕೊಂಡೆ. ‘ಏನು ಬ್ಯಾರಿಗಳೇ, ನನ್ನನ್ನು ಎಷ್ಟು ಬೈದಿರಿ! ಮೇಬಲಳನ್ನೂ ಬಿಡಲಿಲ್ಲ’ ಎಂದು ನಕ್ಕೆ. ಅವನೂ ನಕ್ಕ. ತುಳುವಿನಲ್ಲಿ ಕೇಳಿದೆ, ತಲೆಯಾಡಿಸಿದ. ಗೋದಾಮಿನ ಪುಸ್ತಕದಲ್ಲಿ ಸಹಿ ಹಾಕಿ ಎಂದೆ. ಹೆಬ್ಬೆರಳನ್ನು ಮುಂದೆ ಚಾಚಿ ಶಾಯಿ ಎಲ್ಲಿ ಎಂಬಂತೆ ನೋಡಿದ.

ಐದನೇ ಕ್ಲಾಸಿನ ಅರ್ಧದವರೆಗೆ ಹೋದ ಮನುಷ್ಯ ಹೆಬ್ಬೆಟ್ಟು ಒತ್ತುವುದಿಲ್ಲ. ನನಗೆ ಅಷ್ಟು ಉದ್ದುದ್ದ ಪತ್ರ ಬರೆದವನಂತೂ ಒತ್ತುವುದಿಲ್ಲ.

ಅವನ ಹೆಸರು ಪೋಚಯ್ಯ. ಕರೀಂನಗರದ ಮೂರನೆಯವನು ಇವನೇ. ಇದನ್ನು ಹೇಳಿದವನು ಕಾಪುವಿನವನು. ‘ಸೈದಾಕ ಬರಲಿಕ್ಕಿಲ್ಲ ಅಂದ್ರು ಸರ್. ಪಂಪಿನ ಬೆಲ್ಟು ಸಡಿಲ ಉಂಟು, ಈಗ ಬಿಟ್ಟರೆ ಗಿಡ ಒಣಗ್ತದೆ ಅಂದ್ರು.’

ಯಾರಾದರೂ ನಂಬುವ ಸುಳ್ಳೇ ಅದು?

ಖಾನ್‌ನ ಪಾಸು ಇವತ್ತು ರದ್ದಾಯಿತು. ಇನ್ನೊಂದು ಬಸ್ಸಿಗೆ ಕೇಳಿದೆ. ಒಬ್ಬನಿಗಾಗಿ ಬಸ್ಸೇ ಎಂದರು, ಯಾವ ಹೆಸರು ಎಂದರು. ಸೈದು ಎಂದೆ. ಪುಸ್ತಕ ನೋಡಿ, ಸೈದು ನಿನ್ನೆಯೇ ಹೊರಗೆ ಬಂದಾಯಿತಲ್ಲ ಎಂದರು. 

ಈ ಪತ್ರ ಅಂಗಡಿಯಲ್ಲಿರುತ್ತದೆ. ದಾರಿ ತೆರೆದ ದಿನ ನಿಮಗೆ ಸಿಗಲಿ.

ಲಿಗೋರಿ

* * *

ಫಿಂಟಾಸ್
26 ಮಾರ್ಚ್ 2003

ಸೈದು ಬ್ಯಾರಿಗಳೇ,

ಇದನ್ನೂ ಆ ಪತ್ರದ ಜೊತೆಗೇ ಇಡುತ್ತೇನೆ. ಇವತ್ತು ಮೂರು ಸಲ ಸೈರನ್ ಕೂಗಿತು. ಸಭಾಂಗಣದೊಳಗೆ ನೂರಿಪ್ಪತ್ತು ಜನ, ಪ್ಲಾಸ್ಟಿಕ್ಕಿನ ಒಳಗೆ ಉಸಿರು ಕಟ್ಟುತ್ತದೆ. ಪ್ರತಿ ಸಲ ಉತ್ತರದ ಕಡೆ ಶಬ್ದವಾದಾಗ ಮೇಬಲ್ ನನ್ನ ಮುಖ ನೋಡುತ್ತಾಳೆ. ನಿಮ್ಮ ಮೊಬೈಲಿಗೆ ಕಾಪುವಿನವನು ದಿನಾ ಪ್ರಯತ್ನಿಸುತ್ತಾನೆ. ಬಂದ್.

ಆನ್ಸನ್ ಮಂಗಳೂರಿನಿಂದ ಫೋನು ಮಾಡಿದ್ದರು. ತಾನಿಲ್ಲದ ಸಭೆಯಲ್ಲಿ ತನ್ನ ಸಹಿ ಇರುವುದು ಅವರಿಗೆ ಹೇಗೋ ತಿಳಿದಿದೆ. ಏಪ್ರಿಲ್ 25ಕ್ಕೆ ಮಹಾಸಭೆ. ಬಸ್ಸು ಹೋದದ್ದೇ ಸುಳ್ಳು, ಹಣ ಲಿಗೋರಿಯ ಕಿಸೆಗೆ ಎಂದು ಈಗಾಗಲೇ ಮಾತು. ಗೋದಾಮಿನವರನ್ನು ಕರೆದು ನಿಲ್ಲಿಸಿದರೆ ಪೋಚಯ್ಯನಂಥವರ ಗತಿ ಏನಾಗುತ್ತದೆಂದು ನನಗೂ ಗೊತ್ತು, ಆದ್ದರಿಂದ ಕರೆಯುವುದಿಲ್ಲ.

ನನ್ನ ಮಾನದ ಚಿಂತೆ ಹಾಗಿರಲಿ. ನೀವು ಒಂದು ಬೈಗುಳದ ಪತ್ರ ಬರೆಯಿರಿ, ಸಾಕು.

ಲಿಗೋರಿ

* * *

ಅಬ್ದಲಿ
19 ಏಪ್ರಿಲ್ 2003

ಲಿಗೋರಿ ಪೊರ್ಬುಗಳೇ,

ಖಾನ್ ಭಾಯಿ ನಿನ್ನೆ ಬಂದ. ಗೇಟಿನ ಹೊರಗೆ ನಿಂತು ‘ಸೈದೂ, ಜಿಂದಾ ಹೈ ಯಾ ಖಲಾಸ್?’, ಬದುಕಿದ್ದೀಯೋ ಮುಗಿದಿಯೋ ಅಂತ ಕೂಗಿದ. ಎರಡು ಪತ್ರ ಒಟ್ಟಿಗೆ ಸಿಕ್ಕಿತು.

ಬೈಗುಳ ಬೇಕಲ್ಲ? ಮೊದಲು ಅದೇ. ಬಸ್ಸು ಹನ್ನೆರಡಕ್ಕೆ ಅಂದಿರಿ, ಬಂದದ್ದು ಒಂದೂಮುಕ್ಕಾಲಕ್ಕೆ. ಅಷ್ಟರಲ್ಲಿ ನಾನು ನಿಮ್ಮ ಏಳು ತಲೆಮಾರನ್ನು ಶಪಿಸಿ ಆಗಿತ್ತು.

ನಾನು ದೊಡ್ಡ ತ್ಯಾಗ ಮಾಡಿದೆ ಅಂತ ತಿಳಿಯಬೇಡಿ, ಅಂಥ ಹೆಸರು ನನಗೆ ಬೇಡ. ಸ್ಟೋರಿನಲ್ಲಿ ಸಿಕ್ಕಿದ್ದು ಎರಡೇ ಕಾರ್ಡಿನ ಪ್ರತಿ, ಜನ ಮೂವರು. ಮೂರನೆಯ ಕಾರ್ಡು ನನ್ನದು ಬಿಟ್ಟರೆ ಬೇರೆ ಎಲ್ಲಿಂದ ಬರುತ್ತದೆ? ಪೋಚಯ್ಯನಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಇವನು ಇಲ್ಲಿ ಉಳಿದು ನಾನು ಹೋದರೆ ಸಾಯುವವರೆಗೆ ಇವನದೇ ಚಿಂತೆ. ನಾನು ಉಳಿದರೆ ನನ್ನೊಬ್ಬನದೇ ಚಿಂತೆ, ಅದು ಹೇಗೂ ಅಭ್ಯಾಸ ಉಂಟು. ಮತ್ತೆ ನಿಜ ಹೇಳುವುದಾದರೆ, ಕೊನೆಯ ಗಳಿಗೆಯವರೆಗೂ ನನಗೆ ಆ ಬಸ್ಸಿನ ಮೇಲೇ ಸಂಶಯ. ಗೇಟಿನಲ್ಲಿ ನಿಂತು ಅದು ದಕ್ಷಿಣಕ್ಕೆ ತಿರುಗುತ್ತದೋ ಉತ್ತರಕ್ಕೆ ತಿರುಗುತ್ತದೋ ಅಂತ ನೋಡಿದೆ. ದಕ್ಷಿಣಕ್ಕೆ ತಿರುಗಿತು. ಆಮೇಲೆ ನೆಲದಲ್ಲಿ ಕೂತುಬಿಟ್ಟೆ.

ಪಂಪಿನ ಶೆಡ್ಡಿನ ಗುಂಡಿಯಲ್ಲಿ ಹದಿನೆಂಟು ದಿನ ಇದ್ದೆ. ಜೊತೆಗೆ ಆಚೆ ತೋಟದ ಆಡುಗಳು. ಮೊದಲ ವಾರ ಭೂಮಿಯೇ ನಡುಗುತ್ತಿತ್ತು, ಆಡುಗಳು ನನಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಅಕ್ಕಿ ಬೇಯಿಸಿ ತಿಂದೆ. ದಿನಾ ಆ ಮೂಟೆಯಿಂದ ಅಳೆದು ತೆಗೆಯುವಾಗ ಬಾಯಮ್ಮನವರ ಹೆಸರು ಕಣ್ಣಿಗೆ ಬೀಳುತ್ತಿತ್ತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ತಲೆಗೆ ಹೊಳೆಯಿತು. ನಿಮ್ಮ ನಿಧಿಯ ಹಣ ಬಿಟ್ಟದ್ದು ಫೆಬ್ರವರಿ ಕೊನೆಗೆ. ಅಕ್ಕಿ ಬಂದದ್ದು ಅದಕ್ಕಿಂತ ಎಷ್ಟೋ ಮೊದಲು. ಹಾಗಾದರೆ ಅದು ಬಳಗದ ಅಕ್ಕಿಯಲ್ಲ, ನಿಮ್ಮ ಮನೆಯ ಅಕ್ಕಿ. ಯುದ್ಧಕ್ಕೆ ಅಂತ ನಿಮಗಾಗಿ ತೆಗೆದಿಟ್ಟದ್ದು. ಅದನ್ನು ಒಂದು ಸಾಲು ಬರೆದು ಹೇಳಲು ನಿಮಗೆ ಏನಾಗಿತ್ತು ಮಾರಾಯ್ರೇ? ನಾನು ಕೇಳಿದ್ದು ತಪ್ಪು. ನೀವು ಹೇಳದೆ ಇದ್ದದ್ದೂ ತಪ್ಪು.

ಮಹಾಸಭೆಯ ವಿಷಯ. ಪತ್ರ ಬರೆದು ಕಳಿಸಿದರೆ ‘ಇದನ್ನೂ ಲಿಗೋರಿಯೇ ಬರೆದದ್ದು’ ಅನ್ನುತ್ತಾರೆ. ಸಹಿ ಹಾಕುವ ಕೈ ನಿಮ್ಮದು ಅಂತ ಹೆಸರಾಗಿದೆಯಲ್ಲ. ಹಾಗಾಗಿ ನಾನೇ ಬರುತ್ತೇನೆ. ಖಾನ್ ಕರೆದುಕೊಂಡು ಬರುತ್ತಾನೆ. ಬಸ್ಸು ಬಂದದ್ದು ಹೌದು, ಹತ್ತು ಜನ ಹತ್ತಿದ್ದು ಹೌದು, ಗೇಟಿನಲ್ಲಿ ನಿಂತು ಎಣಿಸಿದವನು ನಾನು ಅಂತ ಹೇಳುತ್ತೇನೆ. ಯಾರು ಹತ್ತಿದರು ಅಂತ ಕೇಳಿದರೆ ಸೈದು ಹತ್ತಿದ ಅನ್ನುತ್ತೇನೆ. ಹಾಗಾದರೆ ನೀನು ಯಾರು ಅಂತ ಕೇಳುವಷ್ಟು ಧೈರ್ಯ ನಿಮ್ಮ ಸಮಿತಿಯಲ್ಲಿ ಯಾರಿಗಾದರೂ ಇದ್ದರೆ, ಯುದ್ಧದಲ್ಲಿ ಎಲ್ಲಿದ್ದಿರಿ ಸ್ವಾಮಿ ಅಂತ ನಾನೂ ಕೇಳುತ್ತೇನೆ. ನಿಮ್ಮ ಎರಡು ಸಹಿಯ ತಪ್ಪಿಗೆ ಅವರು ನಿಮ್ಮನ್ನು ಕುರ್ಚಿಯಿಂದ ಇಳಿಸಬಹುದು. ಇಳಿಯಿರಿ. ಕಳ್ಳ ಅಂತ ಮಾತ್ರ ಅನ್ನಿಸಿಕೊಳ್ಳಬೇಡಿ.

ನನ್ನ ಕಾರ್ಡು ಇನ್ನೂ ಪೋಚಯ್ಯನ ಹತ್ತಿರ ಉಂಟು. ಬಾಗಿಲಲ್ಲಿ ನಾನು ಸೈದು ಅಂದರೆ ನೀವು ಸಂಶಯ ಪಡುತ್ತೀರಿ, ಒಮ್ಮೆ ಮೋಸ ಹೋದವರು. ಒಂದು ಗುರುತು ಹೇಳುತ್ತೇನೆ. ತಲೆಯ ಮೇಲೆ ಟೊಮೆಟೊ ಪೆಟ್ಟಿಗೆ ಹೊತ್ತುಕೊಂಡು ಬರುವವನು ನಾನು. ಗಿಡಗಳು ಒಣಗಲಿಲ್ಲ. ಬೆಲ್ಟು ನಿಜವಾಗಿಯೂ ಸಡಿಲ ಇತ್ತು.

ಈ ಲಕೋಟೆಯಲ್ಲಿ ಒಂದು ಹಿಡಿ ಬೀಜ ಹಾಕಿದ್ದೇನೆ. ಬಾಯಮ್ಮನಿಗೆ ಕೊಡಿ, ಬಾಲ್ಕನಿಯ ಡಬ್ಬದಲ್ಲಿ ಹಾಕಲಿ. ನಾನು ಎಣಿಸಿಲ್ಲ, ನೀವೂ ಎಣಿಸಬೇಡಿ.

ಸೈದು